ಕುಟುಂಬದ ಲೆಕ್ಕಪುಸ್ತಕವೂ ‘ಸಾಕು’ ಎಂಬ ಮಾತೂ

ಗೋಪುರ ಕಟ್ಟಲಿಚ್ಛಿಸುವವನು ಬುನಾದಿ ತೋಡುವ ಮುನ್ನವೇ ವೆಚ್ಚದ ಅಂದಾಜು ಮಾಡಿಕೊಳ್ಳಬೇಕೆಂಬ ದೃಷ್ಟಾಂತವನ್ನು ಸಂತ ಲೂಕರು ತಮ್ಮ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾರೆ. ಲೆಕ್ಕ ಹಾಕದೆ ಆರಂಭಿಸಿ ಅರ್ಧಕ್ಕೆ ಕೈಬಿಟ್ಟವನು ನೋಡುವವರ ನಗೆಗೆ ಗುರಿಯಾಗುತ್ತಾನೆ. ಆದರೆ ಅದೇ ಲೂಕರು ಎರಡೇ ಅಧ್ಯಾಯಗಳ ಹಿಂದೆ ಇನ್ನೊಬ್ಬ ಲೆಕ್ಕಿಗನನ್ನು ನಮ್ಮೆದುರು ನಿಲ್ಲಿಸುತ್ತಾರೆ. ಅವನ ಹೊಲ ಹುಲುಸಾಗಿ ಬೆಳೆಯಿತು. ಇದ್ದ ಕಣಜಗಳು ಸಾಲದಾದವು. ಅವುಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟಿ, ಹಲವು ವರ್ಷಗಳಿಗಾಗುವಷ್ಟು ಧಾನ್ಯ ತುಂಬಿ, ಇನ್ನು ದುಡಿಮೆಯನ್ನು ಬದಿಗಿಟ್ಟು ಸುಖದಿಂದ ಇರಲು ಆತ ನಿಶ್ಚಯಿಸಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಅವಧಿಗೆ ಮುನ್ನ ನಿವೃತ್ತಿ ಘೋಷಿಸಿದ ಗೃಹಸ್ಥ. ಆ ರಾತ್ರಿಯೇ ಅವನ ಆಯುಷ್ಯ ಮುಗಿಯಿತು. ಒಬ್ಬ ಲೆಕ್ಕಿಗ ವಿವೇಕಿ, ಇನ್ನೊಬ್ಬ ಲೆಕ್ಕಿಗ ಮೂಢ. ಇಬ್ಬರ ನಡುವಣ ಅಂತರ ಎಲ್ಲಿದೆ?

ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಕೇವಲ ಪ್ರವಚನಪೀಠದ ಪ್ರಶ್ನೆಯಾಗಿ ಉಳಿದಿಲ್ಲ. ವಿವಾಹಪೂರ್ವ ಶಿಬಿರಗಳಿಗೆ ಬರುವ ಯುವಕ ಯುವತಿಯರು, ವಿಶೇಷವಾಗಿ ಬೆಂಗಳೂರಿನ ಕಂಪ್ಯೂಟರ್ ಸಂಸ್ಥೆಗಳಲ್ಲಿ ದುಡಿಯುವವರು, ತಮ್ಮ ನಲವತ್ತೈದನೆಯ ವಯಸ್ಸಿಗೆ ಸಂಬಳದ ಹಂಗು ತೊರೆಯುವ ಸಂಕಲ್ಪ ಮಾಡಿಕೊಂಡೇ ಬರುತ್ತಿದ್ದಾರೆ. ಗುರಿ ಎಷ್ಟು, ಈ ತಿಂಗಳು ಅದರಲ್ಲಿ ಎಷ್ಟು ಭಾಗ ಕ್ರಮಿಸಿದೆವು ಎಂಬುದನ್ನು ಕೆಲವರು ತಪ್ಪದೆ ಬರೆದಿಡುತ್ತಾರೆ. ಇದು ದೈವೇಚ್ಛೆಯಲ್ಲಿ ಅವಿಶ್ವಾಸವಲ್ಲವೇ ಎಂದು ಅವರ ತಾಯ್ತಂದೆಯರು ನಮ್ಮನ್ನು ಕೇಳುತ್ತಾರೆ. ಇದೇ ನಿಜವಾದ ಬಿಡುಗಡೆಯಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಎರಡೂ ಪಕ್ಷಗಳಿಗೆ ಒಂದೇ ಉತ್ತರ ಕೊಡಲಾಗದು. ಆದುದರಿಂದ ಈ ವಾರ ವಿಷಯವನ್ನು ತುಸು ವಿಸ್ತಾರವಾಗಿ ಪರಿಶೀಲಿಸೋಣ.

ಗೋಡೆಯ ಮೇಲಿನ ನಕ್ಷೆ

ಈ ಬಗೆಯ ಲೆಕ್ಕವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜೋ ಡೊಮಿಂಗೆಜ್ ಮತ್ತು ವಿಕಿ ರಾಬಿನ್. ಡೊಮಿಂಗೆಜ್ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಹಣಕಾಸು ವಿಶ್ಲೇಷಕನಾಗಿದ್ದು 1969ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಉದ್ಯೋಗ ಬಿಟ್ಟ. ಕೂಡಿಟ್ಟ ಹಣದ ಬಡ್ಡಿಯಿಂದಲೇ ಮಿತವಾಗಿ ಬದುಕಿದ. ತಾನು ಅನುಸರಿಸಿದ ಕ್ರಮವನ್ನು ಮೊದಲು ಧ್ವನಿಸುರುಳಿಗಳ ಮೂಲಕ ಕಲಿಸಿ, ಬಳಿಕ 1992ರಲ್ಲಿ ರಾಬಿನ್ ಜೊತೆಗೂಡಿ ‘ಯುವರ್ ಮನಿ ಆರ್ ಯುವರ್ ಲೈಫ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ದಾರಿಗಳ್ಳನು ಪಿಸ್ತೂಲು ಹಿಡಿದು ಕೇಳುವ, ಹಣವೋ ಪ್ರಾಣವೋ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಡೊಮಿಂಗೆಜ್ 1997ರಲ್ಲಿ ತೀರಿಕೊಂಡ. ಅವನ ಕ್ರಮ ಮಾತ್ರ ಉಳಿದು, ಮುಂದೆ ‘ಫೈರ್’ ಎಂಬ ಸಂಕ್ಷಿಪ್ತ ಹೆಸರಿನ ದೊಡ್ಡ ಚಳವಳಿಗೆ ಆಧಾರವಾಯಿತು. ಆರ್ಥಿಕ ಸ್ವಾವಲಂಬನೆ ಹಾಗೂ ಅವಧಿಪೂರ್ವ ನಿವೃತ್ತಿ ಎಂಬ ಅರ್ಥದ ಆಂಗ್ಲ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಬೆಂಕಿ ಎಂಬರ್ಥದ ಆ ಪದ ದೊರೆಯುತ್ತದೆ.

ಕ್ರಮ ಬಹು ಸರಳವಾದುದು. ಒಂದು ದೊಡ್ಡ ಹಾಳೆಯ ಮೇಲೆ ಪ್ರತಿ ತಿಂಗಳ ಆದಾಯಕ್ಕೊಂದು, ವೆಚ್ಚಕ್ಕೊಂದು ಚುಕ್ಕೆ ಇಟ್ಟು ಎರಡು ಗೆರೆಗಳನ್ನು ಎಳೆಯುತ್ತ ಹೋಗಬೇಕು. ಉಳಿತಾಯದ ಹಣ ತಾನಾಗಿ ತರುವ ಆದಾಯಕ್ಕೆ ಮೂರನೆಯ ಗೆರೆ. ಆರಂಭದಲ್ಲಿ ಅದು ನೆಲಕ್ಕೆ ಅಂಟಿಕೊಂಡಂತಿರುತ್ತದೆ. ವರ್ಷಗಳು ಕಳೆದಂತೆ ಮೇಲೇಳುತ್ತದೆ. ಅದು ವೆಚ್ಚದ ಗೆರೆಯನ್ನು ದಾಟಿದ ದಿನ ಆ ಕುಟುಂಬಕ್ಕೆ ಸಂಬಳ ಅನಿವಾರ್ಯವಲ್ಲ. ಇದರೊಂದಿಗೆ ಡೊಮಿಂಗೆಜ್ ಇನ್ನೊಂದು ಲೆಕ್ಕವನ್ನೂ ಕಲಿಸಿದ. ಉದ್ಯೋಗಕ್ಕಾಗಿಯೇ ತಗಲುವ ಪ್ರಯಾಣ, ಉಡುಪು, ದಣಿವಾರಿಸಿಕೊಳ್ಳುವ ವೆಚ್ಚ, ವ್ಯಯವಾಗುವ ಹೆಚ್ಚುವರಿ ವೇಳೆ ಇವೆಲ್ಲವನ್ನೂ ಕಳೆದು, ಒಂದು ಗಂಟೆಯ ದುಡಿಮೆಗೆ ನಿಜವಾಗಿ ಎಷ್ಟು ದಕ್ಕುತ್ತದೆ ಎಂದು ನೋಡಬೇಕು. ಆಮೇಲೆ ಕೊಳ್ಳುವ ಪ್ರತಿ ವಸ್ತುವಿನ ಬೆಲೆಯನ್ನು ಜೀವನದ ಗಂಟೆಗಳಲ್ಲಿ ಅಳೆಯಬೇಕು.

ಇದರಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಗೋಡೆ. ನಕ್ಷೆಯನ್ನು ಮನೆಮಂದಿ ನೋಡುವಲ್ಲಿ ತೂಗುಹಾಕಬೇಕೆಂಬುದು ಅವರ ಸೂಚನೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ಹಣದ ಲೆಕ್ಕ ಯಜಮಾನನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಅವನ ಜೇಬಿನಲ್ಲಿ. ಅಂತ್ಯಸಂಸ್ಕಾರ ಮುಗಿದ ಮೂರನೆಯ ದಿನ ಪಾಸ್‌ಬುಕ್ಕುಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಯಾವುದು ಸಾಲ ಯಾವುದು ಠೇವಣಿ ಎಂದು ತಿಳಿಯದೆ ಗುರುಗಳ ಬಳಿ ಬರುವ ವಿಧವೆಯರನ್ನು ಕಂಡ ಯಾವ ಧರ್ಮಕೇಂದ್ರದ ಗುರುವೂ ಗೋಡೆಯ ಮೇಲಿನ ಲೆಕ್ಕವನ್ನು ಹೀಯಾಳಿಸಲಾರ.

ಲೆಕ್ಕವಿಡುವುದು ಲೌಕಿಕರ ವ್ಯಸನ, ವಿಶ್ವಾಸಿಗಳಿಗೆ ಸಲ್ಲದು ಎಂದು ಭಾವಿಸುವವರು ಲೂಕಾ ಪಾಚೋಲಿಯನ್ನು ನೆನೆಯಬೇಕು. ಫ್ರಾನ್ಸಿಸ್ಕನ್ ಸಭೆಯ ಈ ಸನ್ಯಾಸಿ ವೆನಿಸ್ ನಗರದಲ್ಲಿ 1494ರಲ್ಲಿ ಮುದ್ರಿಸಿದ ಗಣಿತಗ್ರಂಥದಲ್ಲೇ ಜಮೆ ಖರ್ಚುಗಳ ದ್ವಿದಾಖಲೆ ಪದ್ಧತಿಯ ಮೊದಲ ಮುದ್ರಿತ ಸಮಗ್ರ ವಿವರಣೆ ಇದೆ. ವ್ಯಾಪಾರಿಯು ತನ್ನ ಪ್ರಥಮ ಲೆಕ್ಕಪುಸ್ತಕಕ್ಕೆ ಪವಿತ್ರ ಶಿಲುಬೆಯ ಗುರುತು ಹಾಕಬೇಕೆಂದೂ ಅವನು ಸೂಚಿಸಿದ್ದಾನೆ. ಹಣ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸುವ ಸೂತ್ರವೂ ಆ ಗ್ರಂಥದಲ್ಲಿದೆ. ನಮ್ಮ ಕರಾವಳಿಯವರಿಗೂ ಇದೇನೂ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಕೊಟ್ಟವರೂ ಖಾತೆದಾರರಾದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಪಿಗ್ಮಿಯವರು ಸಂಜೆ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಚೀಟಿ ಹರಿಯುತ್ತಿದ್ದ ದೃಶ್ಯ ಹಿರಿಯರ ಕಣ್ಣಿಂದ ಮಾಸಿಲ್ಲ.

ಕೊಲ್ಲಿ ನಾಡಿನ ಕುಟುಂಬಗಳು

ಅಮೆರಿಕದವರು ಆಯ್ದುಕೊಂಡ ಅವಧಿಪೂರ್ವ ನಿವೃತ್ತಿಯನ್ನು ನಮ್ಮ ಕರಾವಳಿಯ ಸಾವಿರಾರು ಕಥೋಲಿಕ ಕುಟುಂಬಗಳು ಆಯ್ಕೆಯಿಲ್ಲದೆ ಅನುಭವಿಸುತ್ತ ಬಂದಿವೆ. ಕುವೈಟ್, ದುಬೈ, ಮಸ್ಕತ್, ದೋಹಾಗಳಲ್ಲಿ ದುಡಿಯುವ ನಮ್ಮವರಿಗೆ ಅಲ್ಲಿ ಪಿಂಚಣಿಯಿಲ್ಲ. ಉದ್ಯೋಗ ಹೋದರೆ ವಾಸದ ಪರವಾನಗಿಯೂ ಹೋಗುತ್ತದೆ. ನಲವತ್ತೆಂಟೋ ಐವತ್ತೋ ವಯಸ್ಸಿಗೆ ಕಂಪನಿ ಕೈಬಿಟ್ಟರೆ ಊರಿಗೆ ಮರಳಿದವನಿಗೆ ಇನ್ನೂ ಮೂವತ್ತು ವರ್ಷಗಳ ಬಾಳು ಮುಂದಿರುತ್ತದೆ. ಸಂಯುಕ್ತ ಅರಬ್ ಎಮಿರೇಟುಗಳ ಕಾನೂನಿನಂತೆ ಸೇವಾಂತ್ಯದಲ್ಲಿ ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ 21 ದಿನಗಳ, ಆ ಬಳಿಕದ ವರ್ಷಗಳಿಗೆ 30 ದಿನಗಳ ವೇತನ ಗ್ರಾಚ್ಯುಟಿಯಾಗಿ ದೊರೆಯುತ್ತದೆ. ಅದೂ ಮೂಲ ವೇತನದ ಮೇಲೆ ಮಾತ್ರ. ಮನೆಬಾಡಿಗೆ, ವಾಹನ ಭತ್ಯೆಗಳನ್ನೂ ಸೇರಿಸಿ ಸಂಬಳವೆಂದು ಎಣಿಸಿದವರು ಕೊನೆಯ ದಿನ ನಿರಾಶರಾಗುತ್ತಾರೆ.

ಹಿರಿಯ ವಾಚಕರಿಗೆ 1990ರ ಆಗಸ್ಟ್ 2 ನೆನಪಿರಬಹುದು. ಇರಾಕ್ ಸೇನೆ ಕುವೈಟನ್ನು ಆಕ್ರಮಿಸಿದ ಆ ದಿನದಿಂದ ಕೆಲವೇ ವಾರಗಳಲ್ಲಿ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಅನೇಕರಿದ್ದರು. ಇಪ್ಪತ್ತು ವರ್ಷಗಳ ಸಂಪಾದನೆಯನ್ನು ಅಲ್ಲಿಯ ಬ್ಯಾಂಕುಗಳಲ್ಲೇ ಬಿಟ್ಟು ಒಂದು ಕೈಚೀಲದೊಂದಿಗೆ ಬಂದಿಳಿದವರಿದ್ದರು. ಪ್ರತಿ ತಿಂಗಳು ತಪ್ಪದೆ ಊರಿಗೆ ಕಳುಹಿಸಿ ಪತ್ನಿಯ ಹೆಸರಿನಲ್ಲೂ ಜಮೆ ಮಾಡಿಸಿದ್ದವರು ಆ ವರ್ಷವನ್ನು ಹೇಗೋ ದಾಟಿದರು. ಕಣಜ ಎಲ್ಲಿದೆ ಎಂಬುದು ಕಣಜ ಎಷ್ಟು ದೊಡ್ಡದು ಎಂಬುದರಷ್ಟೇ ಮುಖ್ಯ.

ನಮಗೆ ಆತ್ಮೀಯವಾದ ಒಂದು ಕುಟುಂಬವಿದೆ. ಗೃಹಸ್ಥರು 2001ರಲ್ಲಿ ದುಬೈಗೆ ತೆರಳಿದರು. ಹೊರಡುವಾಗ ಗುರಿ ಸ್ಪಷ್ಟವಾಗಿತ್ತು: ಒಂದು ಮನೆ, ಬ್ಯಾಂಕಿನಲ್ಲಿ 15 ಲಕ್ಷ, ಬಳಿಕ ಊರು. ಏಳೆಂಟು ವರ್ಷಗಳಲ್ಲಿ ಅದು ಕೈಗೂಡಿತು. ಆಗ ಗುರಿ 40 ಲಕ್ಷವಾಯಿತು, ಏಕೆಂದರೆ ಮನೆ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು ಮತ್ತು ದೊಡ್ಡ ಮನೆಗೆ ದೊಡ್ಡ ಖರ್ಚು. ನಲವತ್ತು ತುಂಬಿದಾಗ ಗುರಿ ಒಂದು ಕೋಟಿಗೆ ಏರಿತು. ಇದರಲ್ಲಿ ರೂಪಾಯಿಯ ಪಾತ್ರವೂ ಇಲ್ಲದಿಲ್ಲ. ಅವರು ಹೊರಟ ವರ್ಷ ಒಂದು ದಿರ್ಹಾಮಿಗೆ ಸುಮಾರು 13 ರೂಪಾಯಿ ಇದ್ದದ್ದು 2022ರ ಕೊನೆಯ ಭಾಗದಲ್ಲಿ 22ನ್ನು ದಾಟಿತ್ತು. ರೂಪಾಯಿ ಬಿದ್ದಾಗಲೆಲ್ಲ ಕೊಲ್ಲಿಯಲ್ಲಿರುವವರು ಸಂತೋಷಪಡುವುದುಂಟು. ಆದರೆ ಊರಿನ ಅಂಗಡಿಯ ಬೆಲೆಗಳೂ ಅದರ ಹಿಂದೆಯೇ ಏರುವುದರಿಂದ ಆ ಸಂತೋಷದ ಬಹುಭಾಗ ಕಾಗದದ ಮೇಲಿನದು.

ಆ ಮನೆಯ ಗೃಹಿಣಿ ಖರ್ಚಿನ ಪುಸ್ತಕವನ್ನು ಬಲು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಮನೆ ಆಶೀರ್ವಾದಕ್ಕೆ ಹೋದಾಗ ಒಮ್ಮೆ ಅದನ್ನು ನಮಗೆ ತೋರಿಸಿದರು. ಕೊನೆಯ ಪುಟದಲ್ಲಿ ಹಣಕ್ಕೆ ಸಂಬಂಧಪಡದ ಒಂದು ಪಟ್ಟಿಯಿತ್ತು: ಪತಿ ರಜೆಯಲ್ಲಿ ಬಂದ ತಾರೀಖು, ಹಿಂತಿರುಗಿದ ತಾರೀಖು. ವರ್ಷಕ್ಕೆ ಮೂವತ್ತು ದಿನ. ವಿಮಾನಗಳು ನಿಂತ 2020ರಲ್ಲಿ ಅದೂ ಇಲ್ಲ. 2025ರ ರಜೆಯನ್ನೂ ಸೇರಿಸಿ 23 ಸಲ, ಒಟ್ಟು 690 ದಿನ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಕಳೆದ ಕಾಲ, ಎರಡು ವರ್ಷಕ್ಕೆ ನಲವತ್ತು ದಿನ ಕಡಿಮೆ. ಅವರು ದೂರುವ ಧ್ವನಿಯಲ್ಲಿ ಇದನ್ನು ಹೇಳಲಿಲ್ಲ. ದಿನಸಿಯ ಲೆಕ್ಕದಷ್ಟೇ ಸಹಜವಾಗಿ ತೋರಿಸಿದರು. ಜೀವನದ ಗಂಟೆಗಳಲ್ಲಿ ಬೆಲೆ ಅಳೆಯಬೇಕೆಂದ ಅಮೆರಿಕದ ಲೇಖಕರ ಪುಸ್ತಕವನ್ನು ಅವರು ಓದಿದವರಲ್ಲ.

ದೊಡ್ಡ ಸಂಬಳವೆಂದು ನಾವು ಕರೆಯುವುದರ ನಿಜವಾದ ಬೆಲೆ ಆ ಪುಟದಲ್ಲಿದೆ. ಹದಿನೈದು ಲಕ್ಷ ನಲವತ್ತಾದಾಗ, ನಲವತ್ತು ಕೋಟಿಯಾದಾಗ, ಮೇಲೇರಿದ್ದು ಹಣದ ಗುರಿ ಮಾತ್ರವಲ್ಲ. ಈ ಪುಟವೂ ಉದ್ದವಾಗುತ್ತ ಹೋಯಿತು.

ತತ್ತ್ವಶಾಸ್ತ್ರದ ತರಗತಿಗಳಲ್ಲಿ ಅರಿಸ್ಟಾಟಲನ ‘ರಾಜನೀತಿ’ಯ ಮೊದಲ ಸಂಪುಟವನ್ನು ಓದುವಾಗ ಈ ಭೇದ ನಮಗೆ ಒಣ ವಿಭಾಗಕ್ರಮದಂತೆ ಕಂಡಿತ್ತು. ಗೃಹಕೃತ್ಯಕ್ಕೆ ಬೇಕಾದ ಸಂಪತ್ತು ಒಂದು ಉಪಕರಣ, ಉಪಕರಣಕ್ಕೆ ಮಿತಿಯುಂಟು. ಹಣಕ್ಕಾಗಿಯೇ ಹಣ ಗಳಿಸುವ ವಿದ್ಯೆಗೆ ಮಿತಿಯಿಲ್ಲ ಎಂಬುದು ಅವನ ಮತ. ಬಾವಿಯ ಹಗ್ಗ ನೀರು ಮುಟ್ಟುವಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಹೆಚ್ಚಿನದು ಕಟ್ಟೆಯ ಮೇಲೆ ಸುರುಳಿಯಾಗಿ ಬಿದ್ದಿರುತ್ತದೆ. ಆದರೆ ಬಾವಿ ಎಷ್ಟು ಆಳವೆಂದು ಅಳೆಯದವನು ಹಗ್ಗ ಹೊಸೆಯುತ್ತಲೇ ಇರುತ್ತಾನೆ. ನಮ್ಮ ಕುಟುಂಬಗಳು ಕೂಡಿಟ್ಟದ್ದನ್ನು ನಿಷ್ಠೆಯಿಂದ ಎಣಿಸುತ್ತವೆ. ಬದುಕಲು ಎಷ್ಟು ಬೇಕು ಎಂಬುದನ್ನು ಎಣಿಸಿದವರು ವಿರಳ. ಎರಡನೆಯದನ್ನು ಬರೆಯದೆ ಮೊದಲನೆಯದಕ್ಕೆ ‘ಸಾಕು’ ಎಂಬ ಮಾತು ಎಂದೂ ಬಾರದು.

ಲೆಕ್ಕ ಬರೆಯುವ ಕ್ರಮ

ಹೀಗಾಗಿ ಲೆಕ್ಕ ವೆಚ್ಚದಿಂದಲೇ ಆರಂಭವಾಗಬೇಕು. ಒಂದು ವರ್ಷ ಪೂರ್ತಿ ಬರೆಯದೆ ಕುಟುಂಬದ ವೆಚ್ಚ ತಿಳಿಯದು, ಏಕೆಂದರೆ ಶಾಲೆಯ ಶುಲ್ಕ ಜೂನ್‌ನಲ್ಲಿ, ಮನೆಯ ತೆರಿಗೆ ಏಪ್ರಿಲ್‌ನಲ್ಲಿ, ಮದುವೆ ರೋಸ್‌ಗಳ ಉಡುಗೊರೆ ಮೇ ತಿಂಗಳಲ್ಲಿ, ಕ್ರಿಸ್ಮಸ್ ಡಿಸೆಂಬರಿನಲ್ಲಿ. ತಿಂಗಳಿಗೆ ಸರಾಸರಿ 40,000 ರೂಪಾಯಿ ಬೇಕೆಂದು ಕಂಡುಬಂತೆನ್ನೋಣ. ವರ್ಷಕ್ಕೆ 4,80,000 ಆಯಿತು.

ಇದಕ್ಕೆ ಎಷ್ಟು ಮೂಲಧನ ಬೇಕು? ಅಮೆರಿಕದ ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೊದಲ ವರ್ಷ ಮೂಲಧನದ ಶೇ. 4ರಷ್ಟನ್ನು ತೆಗೆದು, ಮುಂದೆ ಬೆಲೆಯೇರಿಕೆಗೆ ಅನುಗುಣವಾಗಿ ಹೆಚ್ಚಿಸುತ್ತ ಹೋದರೂ ಹಣ ಮೂವತ್ತು ವರ್ಷ ಬಾಳುತ್ತದೆಂದು ಹಿಂದಿನ ದಶಕಗಳ ಅಂಕಿಅಂಶಗಳಿಂದ ತೋರಿಸಿದ. ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು 1998ರಲ್ಲಿ ಇಂತಹುದೇ ಅಧ್ಯಯನ ನಡೆಸಿದರು. ಹೆಸರು ಪವಿತ್ರ ತ್ರಿತ್ವದ್ದಾದರೂ ಅದು ಕಥೋಲಿಕರು ಸ್ಥಾಪಿಸಿದ ವಿದ್ಯಾಲಯವಲ್ಲ, ಅದರ ಮಾತು ವಿಶ್ವಾಸಸತ್ಯವೂ ಅಲ್ಲ. ಶೇ. 4 ಎಂದರೆ ವಾರ್ಷಿಕ ವೆಚ್ಚದ 25 ಪಟ್ಟು, ನಮ್ಮ ಉದಾಹರಣೆಯಲ್ಲಿ 1 ಕೋಟಿ 20 ಲಕ್ಷ. ಆದರೆ ಅವರು ಲೆಕ್ಕ ಹಾಕಿದ್ದು ಅಮೆರಿಕದ ಷೇರು ಮತ್ತು ಸಾಲಪತ್ರಗಳ ಮೇಲೆ, ಮೂವತ್ತು ವರ್ಷಗಳ ಅವಧಿಗೆ. ನಲವತ್ತೈದಕ್ಕೆ ಕೆಲಸ ಬಿಡುವವರಿಗೆ ನಲವತ್ತು ವರ್ಷಗಳ ಲೆಕ್ಕ ಬೇಕು. ಶೇ. 3ರಂತೆ ಹಿಡಿದರೆ ಮೊತ್ತ 1 ಕೋಟಿ 60 ಲಕ್ಷವಾಗುತ್ತದೆ.

ಈ ಅಂಕಿಗಳನ್ನು ನೋಡಿ ಗಾಬರಿಯಾಗುವವರು ಅದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಲಿ. ತಿಂಗಳಿಗೆ 5,000 ರೂಪಾಯಿಯ ಅನಗತ್ಯ ವೆಚ್ಚವನ್ನು ಶಾಶ್ವತವಾಗಿ ಬಿಟ್ಟರೆ, 25 ಪಟ್ಟಿನ ಲೆಕ್ಕದಲ್ಲಿ ಗುರಿ 15 ಲಕ್ಷದಷ್ಟು ಹತ್ತಿರ ಬರುತ್ತದೆ. ಹದಿನೈದು ಲಕ್ಷವನ್ನು ಗಳಿಸಲು ಕೊಲ್ಲಿಯಲ್ಲಿ ಎಷ್ಟು ರಜೆಗಳು ಕಳೆದುಹೋಗುತ್ತವೆ! ಬಡ್ಡಿಯನ್ನು ಬದಿಗಿಟ್ಟು ನೋಡಿದರೆ, ಆದಾಯದ ಹತ್ತನೆಯ ಒಂದಂಶ ಉಳಿಸುವ ಕುಟುಂಬ ಒಂದು ವರ್ಷದ ಬಿಡುವಿಗೆ ಒಂಬತ್ತು ವರ್ಷ ದುಡಿಯಬೇಕು. ಕಾಲಂಶ ಉಳಿಸುವವರು ಮೂರು ವರ್ಷ, ಅರ್ಧ ಉಳಿಸುವವರು ಒಂದೇ ವರ್ಷ. ಅರ್ಧ ಉಳಿಸುವುದು ಎಲ್ಲರಿಗೂ ಸಾಧ್ಯವೆಂದು ನಾವು ಹೇಳುತ್ತಿಲ್ಲ. ಕೂಲಿಯಿಂದ ಜೀವಿಸುವ ಮನೆಗೆ ಇದನ್ನು ಉಪದೇಶಿಸುವುದು ಕ್ರೌರ್ಯವೇ ಸರಿ. 1891ರಲ್ಲೇ ಜಗದ್ಗುರು ಹದಿಮೂರನೆಯ ಲಿಯೋರವರು ‘ರೇರುಂ ನೊವಾರುಂ’ ಪರಿಪತ್ರದಲ್ಲಿ, ಮಿತವ್ಯಯಿಯಾದ ಕಾರ್ಮಿಕನು ಕುಟುಂಬವನ್ನು ಸಲಹಿ ಸ್ವಲ್ಪ ಉಳಿಸಿ ತನ್ನದೆನ್ನುವ ಆಸ್ತಿ ಹೊಂದುವಷ್ಟು ವೇತನ ದೊರೆಯಬೇಕೆಂದು ಪ್ರತಿಪಾದಿಸಿದ್ದರು. ಉಳಿತಾಯದ ಉಪದೇಶ ನ್ಯಾಯವಾದ ವೇತನದ ಬೇಡಿಕೆಯಿಂದ ಬೇರೆಯಾಗಕೂಡದು.

ಬಡ್ಡಿಯ ವಿಷಯದಲ್ಲಿ ಎಚ್ಚರ ಅಗತ್ಯ. 1986ರಿಂದ 2000ದ ಆರಂಭದವರೆಗೆ ಸಾರ್ವಜನಿಕ ಭವಿಷ್ಯ ನಿಧಿಗೆ, ಅಂದರೆ ಪಿಪಿಎಫ್‌ಗೆ, ಶೇ. 12 ಬಡ್ಡಿಯಿತ್ತು. ಪಾಚೋಲಿಯ ಸೂತ್ರದಂತೆ ಆರು ವರ್ಷಕ್ಕೆ ಹಣ ಇಮ್ಮಡಿ. 2020ರ ಏಪ್ರಿಲ್‌ನಲ್ಲಿ ಆ ದರ 7.1ಕ್ಕೆ ಇಳಿಯಿತು, ಇಮ್ಮಡಿಯಾಗಲು ಹತ್ತು ವರ್ಷ ಬೇಕಾಯಿತು. ತೊಂಬತ್ತರ ದಶಕದ ಬಡ್ಡಿ ಎಂದೆಂದಿಗೂ ಇರುವುದೆಂದು ನಂಬಿ ಸ್ವಯಂನಿವೃತ್ತಿ ಪಡೆದ ಹಲವರು ಮುಂದೆ ಪರಿತಪಿಸಿದ್ದು ಇದರಿಂದಲೇ. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಬೆಲೆಯೇರಿಕೆಯದು. ಒಂದು ಕೋಟಿಗೆ ಶೇ. 7ರಂತೆ ವರ್ಷಕ್ಕೆ 7 ಲಕ್ಷ ಬಡ್ಡಿ ಬಂತೆನ್ನೋಣ. ಬೆಲೆಗಳು ಶೇ. 6ರಷ್ಟು ಏರುತ್ತಿದ್ದರೆ ಅದರಲ್ಲಿ 6 ಲಕ್ಷವನ್ನು ಮೂಲಧನಕ್ಕೇ ಮರಳಿ ಸೇರಿಸಿದರೆ ಮಾತ್ರ ಮುಂದಿನ ವರ್ಷವೂ ಆ ಕೋಟಿಗೆ ಇಂದಿನ ಬೆಲೆಯೇ ಇರುತ್ತದೆ. ನಿಜವಾದ ಫಲ ಒಂದು ಲಕ್ಷ. ಏಳನ್ನೂ ಉಂಡವನು ಬಿತ್ತನೆಯ ಭತ್ತವನ್ನೂ ಉಂಡಂತೆ. ಆದುದರಿಂದಲೇ ದೀರ್ಘಾವಧಿಯ ಹಣದ ಒಂದು ಪಾಲನ್ನು ಬೆಲೆಯೇರಿಕೆಯೊಂದಿಗೆ ಬೆಳೆಯಬಲ್ಲ ಹೂಡಿಕೆಗಳಲ್ಲಿ ಇರಿಸಬೇಕೆಂದು ತಿಳಿದವರು ಹೇಳುತ್ತಾರೆ. ಯಾವುದರಲ್ಲಿ, ಎಷ್ಟು ಎಂಬುದನ್ನು ಗುರುಗಳ ಬಳಿ ಕೇಳದೆ ಅರ್ಹ ಸಲಹೆಗಾರರನ್ನು ಕೇಳುವುದು ಒಳ್ಳೆಯದು.

ವಾಸದ ಮನೆಯನ್ನು ಈ ಲೆಕ್ಕದಲ್ಲಿ ಸೇರಿಸಬಾರದು. ಮನೆ ಅನ್ನ ಕೊಡುವುದಿಲ್ಲ, ಸುಣ್ಣ ಬಣ್ಣ ಕೇಳುತ್ತದೆ. ಆರು ಕೋಣೆಗಳ ಮನೆಯಲ್ಲಿ ಇಬ್ಬರು ವೃದ್ಧರು ಒಂದೇ ಕೋಣೆಯ ದೀಪ ಹಚ್ಚಿಕೊಂಡು ಜಪಸರ ಮಾಡುತ್ತಿರುವುದನ್ನು ನಮ್ಮ ಗ್ರಾಮಗಳಲ್ಲಿ ಸಂಜೆ ನಡೆದುಹೋಗುವ ಯಾರೂ ಕಾಣಬಹುದು. ತೊಡುವ ಚಿನ್ನವನ್ನೂ ಸೇರಿಸಬಾರದು, ಅದು ಮಗಳದು. ಬಂಧುಗಳಿಗೆ ಕೊಟ್ಟ ಕೈಸಾಲವನ್ನಂತೂ ಸೇರಿಸಲೇಬಾರದು. ಉದ್ಯೋಗದೊಂದಿಗೆ ಕಂಪನಿಯ ಆರೋಗ್ಯವಿಮೆಯೂ ಮುಗಿಯುವುದರಿಂದ, ಕಾಯಿಲೆ ಬರುವ ಮುನ್ನವೇ ಸ್ವಂತ ವಿಮೆ ಮಾಡಿಸಿಕೊಳ್ಳಬೇಕು. ಅನಿವಾಸಿ ಖಾತೆಯ ಬಡ್ಡಿಗೆ ಇರುವ ತೆರಿಗೆ ವಿನಾಯಿತಿ ಊರಿಗೆ ಮರಳಿ ನೆಲೆಸಿದವರಿಗೆ ಮುಂದುವರಿಯುವುದಿಲ್ಲ ಎಂಬುದೂ ಗಮನದಲ್ಲಿರಲಿ.

ದಾನಕ್ಕೂ ಒಂದು ಅಂಕಣ ಬೇಕು. ಕಾಣಿಕೆತಟ್ಟೆ ಎಣಿಸುವವರು ಹೇಳುವ ಮಾತೆಂದು ಕೆಲವರು ಮುಗುಳ್ನಗಬಹುದು. ಆದರೂ 1983ರ ಧರ್ಮಸಭೆಯ ಕಾನೂನು ಸಂಹಿತೆಯ 222ನೆಯ ನಿಯಮ ವಿಶ್ವಾಸಿಗಳಿಗೆ ಧರ್ಮಸಭೆಯ ಅಗತ್ಯಗಳನ್ನು ಮಾತ್ರವಲ್ಲ, ತಮ್ಮ ಸಂಪತ್ತಿನಿಂದ ಬಡವರನ್ನು ನೋಡಿಕೊಳ್ಳುವ ಹೊಣೆಯನ್ನೂ ವಿಧಿಸಿದೆ. ನಿವೃತ್ತಿಯಾದ ಮೇಲೆ ಕೊಡೋಣ ಎಂದು ಮುಂದೂಡಿದವರ ವೆಚ್ಚದ ಪಟ್ಟಿಯಲ್ಲಿ ದಾನಕ್ಕೆ ಸ್ಥಳವಿರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಮೂಲಧನವೂ ಸಂಗ್ರಹವಾಗಿರುವುದಿಲ್ಲ.

ಬಿಡುವು ಯಾವುದಕ್ಕೆ?

ನಾಳಿನ ಚಿಂತೆ ವಿಶ್ವಾಸಕ್ಕೆ ವಿರುದ್ಧವಲ್ಲವೇ ಎಂಬ ಹಿರಿಯರ ಪ್ರಶ್ನೆಗೆ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ದ ದ್ವಿತೀಯ ಭಾಗದಲ್ಲಿ, ವಿವೇಕದ ಕುರಿತಾದ ವಿವೇಚನೆಯಲ್ಲಿ ಉತ್ತರಿಸಿದ್ದಾರೆ. ಪ್ರತಿ ಕಾಲಕ್ಕೂ ತಕ್ಕ ಚಿಂತೆಯುಂಟು. ಬೇಸಗೆಯಲ್ಲಿ ಕೊಯ್ಲಿನ ಚಿಂತೆ ಯುಕ್ತವಾದುದು, ಆಗಲೇ ಶರತ್ಕಾಲದ ದ್ರಾಕ್ಷಿಯ ಚಿಂತೆಯನ್ನೂ ಹೊತ್ತುಕೊಳ್ಳುವುದು ಅನಗತ್ಯ. ಇರುವೆಯ ದೂರದೃಷ್ಟಿಯನ್ನು ಪವಿತ್ರ ಗ್ರಂಥವೇ ಹೊಗಳಿದೆ ಎಂಬುದನ್ನೂ ಅವರು ಮರೆಯುವುದಿಲ್ಲ. ಮೂವತ್ತರ ಪ್ರಾಯದಲ್ಲಿ ಉಳಿಸುವುದು ಆ ಕಾಲದ ಕೆಲಸ. ಮೂವತ್ತರಲ್ಲಿ ಪ್ರತಿದಿನ ಮೂರು ಸಲ ಹೂಡಿಕೆಯ ಮೌಲ್ಯ ನೋಡಿ, ಮಗುವಿನ ಮುಖ ನೋಡದಿರುವುದು ಬೇರೆ. ತಿಂಗಳಿಗೊಮ್ಮೆ ಬರೆದರೆ ಸಾಕು.

ಯುವಕರ ಉತ್ಸಾಹದ ಬಗ್ಗೆಯೂ ಒಂದು ಮಾತಿದೆ. ಅವರಲ್ಲಿ ಕೆಲವರು ಕೆಲಸವನ್ನು ಸೆರೆಮನೆಯಂತೆ ಮಾತನಾಡುತ್ತಾರೆ. ಅವರ ಕಚೇರಿಗಳ ವೇಳಾಪಟ್ಟಿಯನ್ನು ಕೇಳಿದರೆ ಅದರಲ್ಲಿ ಅತಿಶಯೋಕ್ತಿ ಅಷ್ಟೇನೂ ಕಾಣುವುದಿಲ್ಲ. ನಲವತ್ತು ದಾಟಿದವರನ್ನು ಹೊರೆಯೆಂದು ಕಾಣುವ ಉದ್ಯಮದಲ್ಲಿ, ಸಂಬಳ ನಿಂತರೂ ಎರಡು ವರ್ಷ ಮನೆ ನಡೆಯುವಂತೆ ಇರುವುದೇ ದೊಡ್ಡ ಧೈರ್ಯ. ಅನ್ಯಾಯದ ಆಜ್ಞೆಗೆ ಇಲ್ಲವೆನ್ನಲು ಆ ಧೈರ್ಯ ಬೇಕು. ಆದರೆ 1981ರ ‘ಲಬೋರೆಂ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ದುಡಿಮೆಯ ಮೂಲಕ ಮನುಷ್ಯನು ಹೆಚ್ಚು ಮನುಷ್ಯನಾಗುತ್ತಾನೆ ಎಂಬರ್ಥದ ಬೋಧನೆ ನೀಡಿದ್ದಾರೆ. ಸಂಬಳದಿಂದ ಬಿಡುಗಡೆ ಹೊಂದಬಹುದು, ಕೆಲಸದಿಂದ ಬಿಡುಗಡೆ ಹೊಂದಿದವನು ಆರು ತಿಂಗಳಲ್ಲಿ ಮನೆಯವರಿಗೆ ಭಾರವಾಗುತ್ತಾನೆ. ಐವತ್ತಕ್ಕೆ ಮರಳಿ ಬಂದು, ಮೊದಲ ಮಳೆಗಾಲ ವಿಶ್ರಾಂತಿ ಪಡೆದು, ಎರಡನೆಯ ಮಳೆಗಾಲದ ಹೊತ್ತಿಗೆ ಮದ್ಯದ ಸಂಗ ಹಿಡಿದ ಗೃಹಸ್ಥರು ನಮ್ಮಲ್ಲಿ ಅಪರೂಪವಲ್ಲ. ಹಣದ ಲೆಕ್ಕ ಅವರಲ್ಲಿ ಸರಿಯಾಗಿಯೇ ಇತ್ತು. ಬೆಳಗ್ಗೆ ಎದ್ದು ಏನು ಮಾಡುವುದು ಎಂಬುದಕ್ಕೆ ಪುಸ್ತಕದಲ್ಲಿ ಪುಟವಿರಲಿಲ್ಲ. ತೋಟವಿದ್ದವರು, ಕಲಿಸಬಲ್ಲ ಕಸುಬಿದ್ದವರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರೊಡನೆ ಬಡವರ ಮನೆಗಳಿಗೆ ನಡೆದು ಹೋಗುವವರು ಆ ಕಷ್ಟಕ್ಕೆ ಸಿಲುಕಲಿಲ್ಲ.

ಮತ್ತೆ ಲೂಕರ ಶುಭಸಂದೇಶಕ್ಕೆ ಬರೋಣ. ಆ ಶ್ರೀಮಂತ ಕೃಷಿಕನ ದೃಷ್ಟಾಂತವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವನು ಆದ್ಯಂತ ತನ್ನೊಂದಿಗೆ ತಾನೇ ಮಾತನಾಡುತ್ತಾನೆ. ಹೆಂಡತಿಯನ್ನು ಕೇಳುವುದಿಲ್ಲ, ಮಕ್ಕಳ ಪ್ರಸ್ತಾಪವಿಲ್ಲ, ಕೊಯ್ಲು ಮಾಡಿದ ಆಳುಗಳ ಸುದ್ದಿಯಿಲ್ಲ. ಬೆಳೆ ನನ್ನದು, ಕಣಜ ನನ್ನದು, ಪ್ರಾಣವೂ ನನ್ನದು ಎಂಬಂತೆ ಸಾಗುವ ಲೆಕ್ಕ. ಅವನ ದೋಷ ಸಂಖ್ಯೆಯಲ್ಲಿರಲಿಲ್ಲ. ಆ ಲೆಕ್ಕದಲ್ಲಿ ಅವನ ಹೊರತು ಬೇರೆ ಯಾರೂ ಇರಲಿಲ್ಲ, ಕಣಜ ಎಷ್ಟು ದೊಡ್ಡದಾದರೆ ಸಾಕು ಎಂದು ಹೇಳುವವರೂ ಇರಲಿಲ್ಲ.

ಮೇಲೆ ಹೇಳಿದ ದುಬೈಯ ಗೃಹಸ್ಥರು ಕಳೆದ ರಜೆಯಲ್ಲಿ ಪತ್ನಿಯೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಕೋಟಿ ತುಂಬಿದೆ. ಪತ್ನಿಯ ಪುಸ್ತಕದ ಪ್ರಕಾರ ತಿಂಗಳ ವೆಚ್ಚ 27,000. ವರ್ಷದ ಲೆಕ್ಕಕ್ಕೆ ಮೂವತ್ತು ಪಟ್ಟಿಗೂ ತುಸು ಮಿಕ್ಕಿದ ಹಣವಿದೆ. ಆದರೆ ಮಗಳ ಮದುವೆ ಬಾಕಿ ಇರುವುದರಿಂದ ಇನ್ನೆರಡು ವರ್ಷ ಇರಬೇಕೆಂದು ಅವರ ಅಭಿಪ್ರಾಯ. ಮದುವೆಗೆ ಎಷ್ಟೆಂದು ಕೇಳಿದೆವು. ಅವರು ಒಂದು ಅಂಕಿ ಹೇಳಿದರು, ಪತ್ನಿ ಅದರ ಅರ್ಧ ಹೇಳಿದರು, ಮಗಳನ್ನು ಯಾರೂ ಕೇಳಿರಲಿಲ್ಲ. ನಾವು ಯಾವ ಅಂಕಿಯನ್ನೂ ಸೂಚಿಸಲಿಲ್ಲ. ಮಗಳನ್ನೂ ಕೂರಿಸಿಕೊಂಡು ಮೂವರೂ ಒಪ್ಪುವ ಮೊತ್ತವನ್ನು ಪುಸ್ತಕದಲ್ಲಿ ಬರೆದು, ಅದರ ಪಕ್ಕದಲ್ಲೇ ಹಿಂತಿರುಗುವ ತಿಂಗಳನ್ನೂ ಬರೆಯುವಂತೆ ಹೇಳಿ ಕಳುಹಿಸಿದೆವು. ಮೊತ್ತವನ್ನು ಬರೆದಿದ್ದಾರೆಂದು ಗೃಹಿಣಿ ಮೊನ್ನೆ ಭಾನುವಾರ ಬಲಿಪೂಜೆಯ ಬಳಿಕ ತಿಳಿಸಿದರು. ತಿಂಗಳ ಬಗ್ಗೆ ಇನ್ನೂ ದೂರವಾಣಿಯಲ್ಲಿ ಮಾತುಕತೆ ನಡೆದಿದೆಯಂತೆ.